ಬಾಟಲಿಯೊಳಗಿನ ಜತ್ತ ತಾಲೂಕು

ರಸಾಯನಶಾಸ್ತ್ರ ಓದಿದವನು ಯಾವುದಕ್ಕೂ ಬೆಚ್ಚಿಬೀಳಬಾರದು ಎನ್ನುತ್ತಾರೆ. ಪ್ರಯೋಗಶಾಲೆಯಲ್ಲಿ ಆಸಿಡ್ ಚೆಲ್ಲಿ ಅಂಗಿ ಸುಟ್ಟಾಗಲೂ ನಾನು ಬೆಚ್ಚಿದವನಲ್ಲ. ಆದರೆ ಊರಿಗೆ ಬಂದೆನೆಂದರೆ ಸಾಕು, ಒಂದಲ್ಲ ಒಂದು ನಡೆದು, ತೆರೆದ ಬಾಯಿ ಮುಚ್ಚುವುದೇ ಮರೆತುಹೋಗುತ್ತಿತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಜತ್ತ ತಾಲೂಕಿನ ನಮ್ಮೂರು ಶೇಗಾಂವದಿಂದ ಪುಣೆಗೆ ಹೋಗಿ ನಾನು ಎಂ.ಎಸ್ಸಿ. ಸೇರಿದ್ದೆ. ವಿಷಯ ವಿಶ್ಲೇಷಣಾ ರಸಾಯನಶಾಸ್ತ್ರ, ಅಂದರೆ ಯಾವುದರಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂದು ಪತ್ತೆ ಹಚ್ಚುವ ವಿದ್ಯೆ. ಪ್ರೊಫೆಸರು ಧಾರವಾಡದ ಕಡೆಯವರು, ಹೀಗಾಗಿ ಪಾಠ ಇಂಗ್ಲಿಷಿನಲ್ಲಿ, ಬೈಗುಳ ಕನ್ನಡದಲ್ಲಿ. ಅವರು ನನ್ನ ಪ್ರಬಂಧಕ್ಕೆ ಕೊಟ್ಟ ವಿಷಯ ಜತ್ತ ತಾಲೂಕಿನ ಬಾವಿಗಳ ನೀರು. ಊರೂರು ತಿರುಗಿ ಬಾಟಲಿಗಳಲ್ಲಿ ನೀರು ತಂದು ಅದರಲ್ಲಿರುವ ಲವಣಗಳನ್ನು ಅಳೆಯಬೇಕು. ಪ್ರಬಂಧ ಕೆಟ್ಟರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಅಪ್ಪನ ಕಾಳಿನ ಅಂಗಡಿಯಲ್ಲಿ ಜನ್ಮವಿಡೀ ತಕ್ಕಡಿ ಹಿಡಿಯಬೇಕು. ಅಪ್ಪ ಆಗಲೇ ತಕ್ಕಡಿ ಒರೆಸಿ ಇಟ್ಟಿದ್ದ.

೧. ಗಾಜಿನ ನಳಿಗೆ

ರಜೆಗೆ ಬಂದ ಮರುದಿನ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಕೊಡ ತಿಕ್ಕುತ್ತಿದ್ದಳು. ನಿನ್ನೆಯ ನೀರನ್ನು ನಮ್ಮ ಮನೆಯಲ್ಲಿ ಇವತ್ತು ಯಾರೂ ಕುಡಿಯುವುದಿಲ್ಲ. ಉಳಿದದ್ದನ್ನು ಗಿಡಕ್ಕೆ ಚೆಲ್ಲಿ, ಕೊಡಕ್ಕೆ ಬೂದಿ ಹಚ್ಚಿ ತಿಕ್ಕಿ, ಹೊಸ ನೀರು ತುಂಬಿದ ಮೇಲೆಯೇ ಅವ್ವ ಒಲೆ ಹೊತ್ತಿಸುವವಳು.

"ಪುಣೇದಾಗ ದಿನಾ ಏನ್ ಮಾಡ್ತಿ ತಮ್ಮಾ?" ಎಂದು ಕೇಳಿದಳು.

ದೊಡ್ಡಸ್ತಿಕೆ ತೋರಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎಂದುಕೊಂಡೆ. ಗಾಜಿನ ನಳಿಗೆಯನ್ನು ಬಾಯಲ್ಲಿಟ್ಟು ಆಸಿಡ್ಡನ್ನು ಗೆರೆಯವರೆಗೆ ಎಳೆದುಕೊಳ್ಳುತ್ತೇವೆ, ಕೂದಲೆಳೆಯಷ್ಟು ತಪ್ಪಿದರೂ ಬಾಯಿ ಸುಟ್ಟುಹೋಗುತ್ತದೆ, ಕೆಲವು ಔಷಧಗಳಂತೂ ನಾಲಿಗೆಗೆ ತಾಗಿದರೆ ಸಾಕು, ಹೆಣವೇ, ಎಂದು ಹೇಳಿದೆ. ಅವ್ವ ಅಲುಗಲಿಲ್ಲ. ಕೊಡದ ಕಂಠ ತಿಕ್ಕುತ್ತಲೇ ಕೇಳಿದಳು:

"ಆ ನಳಿಗಿ ನಿಂದs ಏನು?"

"ಇಲ್ಲವಾ. ಒಂದs ನಳಿಗಿ ಎಲ್ಲಾರೂ ಬಾಯಾಗ ಇಟ್ಕೋತೀವಿ."

ಕೊಡ ಅವಳ ಕೈಯಿಂದ ಜಾರಿತು.

"ವಿಷಾ ಬೇಕಾದ್ರ ಕುಡೀ ಯಪ್ಪಾ," ಎಂದಳು, "ಮಂದಿ ಎಂಜಲಾ ಯಾಕ ಕುಡೀತಿ?"

೨. ಚಾಚಾನ ಬಾವಿ

ಜತ್ತದ ಪೇಟೆಯಲ್ಲಿ ಬಳೆ ವ್ಯಾಪಾರ ಮಾಡುವ ಚಾಚಾ ಒಬ್ಬರಿದ್ದರು. ಅವರ ಹಿತ್ತಲ ಬಾವಿಯ ಸವಳು ನೀರು ಇಡೀ ಪೇಟೆಗೆ ಹೆಸರುವಾಸಿ. ಅಷ್ಟು ಉಪ್ಪು ನೀರು ನನ್ನ ಪ್ರಬಂಧಕ್ಕೆ ಬೇಕೇ ಬೇಕಿತ್ತು. ಕೇಳಿದ ತಕ್ಷಣ ಚಾಚಾ ಬಾಟಲಿ ಇಸಿದುಕೊಂಡು, "ನೀ ಕುಂದ್ರು ಬೇಟಾ, ಚಾ ಕುಡಿ, ನಾ ತುಂಬಿ ತರ್ತೀನಿ" ಎಂದು ಹೊರಟರು. ಹಿತ್ತಲಿಗೆ ಹೋಗಬೇಕಾದವರು ಬೀದಿಗೆ ಇಳಿದದ್ದು ಕಂಡು ನನಗೆ ಸಂಶಯ ಬಂತು. ಅವರು ತಂದ ನೀರು ರುಚಿ ನೋಡಿದರೆ ಎಳನೀರಿನ ಹಾಗಿತ್ತು.

"ಚಾಚಾ, ಇದು ನಿಮ್ಮ ಬಾವಿ ನೀರೇನ್ರಿ?"

"ನಂದs. ಬಾಜೂ ಮನಿಯಿಂದ ತಂದೀನಿ."

ನಾನು ದಂಗಾದೆ. ಅವರು ನನ್ನ ಪಕ್ಕಕ್ಕೆ ಕುಳಿತು ದನಿ ಇಳಿಸಿದರು. "ಮಗಗ ಪರವೂರ ಹೆಣ್ಣು ನೋಡಾಕತ್ತೀವಿ. ಸವಳು ನೀರಾಗ ಬ್ಯಾಳಿ ಬೇಯೂದಿಲ್ಲ. ಬ್ಯಾಳಿ ಬೇಯದ ಮನಿಗೆ ಹೆಣ್ಣು ಯಾರ್ ಕೊಡ್ತಾರ? ಲಗ್ನ ಆಗೂತನಕ ಇದs ನಮ್ಮ ಬಾವಿ ಅಂತ ತಿಳ್ಕೋ."

"ಲಗ್ನ ಆದ ಮ್ಯಾಲ?"

"ಆಮ್ಯಾಲ ಬಾ, ಬೇಕಾದಷ್ಟು ಸವಳು ಕೊಡ್ತೀನಿ."

ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ, ಅವರು ನಮಾಜಿಗೆ ಹೋದಾಗ ಹಿತ್ತಲಿಂದ ಒಂದು ಬಾಟಲಿ ತುಂಬಿಕೊಂಡೆ. ಕದ್ದ ನೀರಿನ ಮೇಲೆ ಪ್ರಬಂಧ ಬರೆದವನು ವಿದ್ಯಾಪೀಠದಲ್ಲಿ ನಾನೊಬ್ಬನೇ ಇರಬೇಕು.

೩. ತೀರ್ಥ

ಆ ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ದಾನಮ್ಮದೇವಿಯ ಗುಡಿ ಇರುವ ಗುಡ್ಡಾಪುರಕ್ಕೆ ಹೋದೆ. ಅಲ್ಲಿಯ ಬಾವಿಗಳ ನೀರೂ ತುಂಬಿಕೊಂಡು ಎಸ್.ಟಿ. ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಮುದುಕಿ, "ಎಲ್ಲಿಂದ ಬಂದ್ರಿ ತಮ್ಮಾ?" ಎಂದಳು. ಗುಡ್ಡಾಪುರದಿಂದ ಎಂದೆ. ಅವಳ ಕಣ್ಣು ತೊಡೆಯ ಮೇಲೆ ತೆರೆದಿಟ್ಟುಕೊಂಡ ಪೆಟ್ಟಿಗೆಯ ಬಾಟಲಿಗಳ ಮೇಲೆ ಬಿತ್ತು. ಸೆರಗು ಹೊದ್ದುಕೊಂಡು ಬಲಗೈ ಮುಂದೆ ಹಿಡಿದಳು. ದಾನಮ್ಮದೇವಿಯ ಹೆಸರಲ್ಲಿ ಹಿಡಿದ ಕೈಯನ್ನು ಹೇಗೆ ತಳ್ಳಲಿ? ಕೈಗೆ ಸಿಕ್ಕ ಬಾಟಲಿಯಿಂದ ನಾಲ್ಕು ಹನಿ ಹಾಕಿದೆ. ಅಷ್ಟೇ, ಹಿಂದಿನಿಂದ, ಮುಂದಿನಿಂದ, ಬಸ್ಸೆಲ್ಲ ಕೈ. ಕಂಡಕ್ಟರ್ ಗಂಟೆ ಬಾರಿಸಿ ಬಸ್ಸು ನಿಲ್ಲಿಸಿದ. ಡ್ರೈವರ್ ಚಪ್ಪಲಿ ಬಿಟ್ಟು ಬಂದ. ಬಾಟಲಿ ಬರಿದಾಯಿತು.

ಆಮೇಲೆ ಅದರ ಕೊರಳಿಗೆ ಕಟ್ಟಿದ ಚೀಟಿ ನೋಡಿದೆ. ಚಾಚಾನ ಹಿತ್ತಲು. ಇನ್ನು ಬೈಗುಳ ಬೀಳುತ್ತವೆ ಎಂದು ತಲೆ ತಗ್ಗಿಸಿ ಕೂತೆ. ಕಡೆಯ ಹನಿಗೂ ಕೈ ಹಿಡಿದಿದ್ದ ಮುದುಕಿ ಮುಖ ಕಿವುಚಿ, ನುಂಗಿ, ಕೈಯನ್ನು ತಲೆಗೆ ಒರೆಸಿಕೊಂಡಳು.

"ಭಾಳ ಜಾಗೃತ ದೇವಿ ನೋಡ್ರಿ," ಎಂದಳು. "ಬಾಯಿ ಉಪ್ಪಾತು, ಮೊಣಕಾಲು ಹಗೂರಾತು."

ಮತ್ತೊಂದು ಬಾಟಲಿ ಕದಿಯಲು ನಾನು ಪುನಃ ಜತ್ತದಲ್ಲಿ ಇಳಿಯಬೇಕಾಯಿತು.

೪. ಗುಪ್ತಗಂಗೆ

ಹೀಗೆ ಕೂಡಿಸಿದ ಬಾಟಲಿಗಳನ್ನು ಮನೆಯ ಪಡಸಾಲೆಯಲ್ಲಿ ಜೋಡಿಸಿಟ್ಟು, ರಜೆ ಮುಗಿದ ಮೇಲೆ ಜೀವದಂತೆ ಜೋಪಾನ ಮಾಡಿ ಪುಣೆಗೆ ಒಯ್ದೆ. ಅಳೆಯಲು ಕೂತೆ. ಗುಡ್ಡಾಪುರದ ಅಂಕಿ ಬಂತು. ಶೇಗಾಂವದ್ದೂ ಅದೇ ಬಂತು. ಚಾಚಾನ ಸವಳು ಬಾವಿಯದೂ ಅದೇ. ಮತ್ತೆ ಅಳೆದೆ. ತಾಲೂಕಿಗೆಲ್ಲ ಒಂದೇ ಅಂಕಿ.

ಪ್ರೊಫೆಸರು ನೋಡಿ ಕೆಂಡವಾದರು. "ಒಂದು ಬಾಟ್ಲಿ ಅಳದು ಉಳದದ್ದು ನಕಲು ಹೊಡದೀಯೇನಲೇ? ನಿನ್ನ ಡಿಗ್ರಿ ಮರತುಬಿಡು." ನನ್ನ ಕಣ್ಣ ಮುಂದೆ ತಕ್ಕಡಿ ತೂಗಾಡಿತು. ಕಡೆಗೆ ಅವರೇ ಕೋಟು ಕಳಚಿ ಕೂತು ಅಳೆದರು. ಅವರಿಗೂ ಅದೇ ಬಂತು. ಅವರ ಸಿಟ್ಟು ಇಳಿಯಿತು, ಕಣ್ಣು ಅಗಲವಾದವು. "ನಿಮ್ಮ ತಾಲೂಕಿನ ಬುಡಕ ಒಂದs ನದಿ ಹರೀತೈತೋ. ಗುಪ್ತಗಂಗಿ. ನಾಳೆ ಹೊರಡೂಣು ನಡಿ."

ಅಷ್ಟು ದೊಡ್ಡ ಮನುಷ್ಯ ನಮ್ಮ ಮನೆಗೆ ಬಂದದ್ದು ಕಂಡು ಅವ್ವ ಹಿಗ್ಗಿ ಹೀರೆಕಾಯಿಯಾದಳು. ಕಂಬಳಿ ಹಾಸಿ, ನೀರಿನ ತಂಬಿಗೆ ಇಟ್ಟು, ತಾನೇ ಮಾತು ತೆಗೆದಳು: "ನಾವು ಕಳಿಸಿದ ನೀರು ಛಲೋ ಇದ್ದುವೇನ್ರಿ ಸಾಹೇಬ್ರ?"

"ಎಲ್ಲಾ ಒಂದs ನಮೂನಿ ಇದ್ದುವ್ರಿ ತಾಯಿ," ಎಂದರು ಪ್ರೊಫೆಸರು.

"ಇರದs ಏನ್ರಿ? ಅಷ್ಟೂ ನಮ್ಮ ಬಾವೀದು. ಈ ಹುಡುಗ ಎಷ್ಟೋ ದಿನದ ಹಳೇ ನೀರು ಗುರುಗಳಿಗೆ ಒಯ್ಯಾಕ ನಿಂತಿದ್ದ. ಬೂದಿ ಹಚ್ಚಿ ತಿಕ್ಕಿ, ದಿನಾ ಮುಂಜಾನೆ ತಾಜಾ ತುಂಬಿಟ್ಟೀನ್ರಿ. ಚೀಟಿ ಸುದ್ದಾ ತೊಯ್ಯಗೊಟ್ಟಿಲ್ಲ."

ಪ್ರೊಫೆಸರು ತಂಬಿಗೆಯನ್ನು ತುಟಿಯವರೆಗೆ ಒಯ್ದವರು ಹಾಗೆಯೇ ಕೂತರು. ಅವರ ಗುಪ್ತಗಂಗೆ ಆ ತಂಬಿಗೆಯಲ್ಲೇ ಇತ್ತು.

ಪುಣ್ಯಕ್ಕೆ ಅವರಿಗೆ ನಗು ಬಂತು. ಇನ್ನೊಂದು ಅವಕಾಶ ಕೊಟ್ಟೇನು, ಆದರೆ ಜೊತೆಗೆ ನಾನೇ ಬರುತ್ತೇನೆ ಎಂದರು. ಇಬ್ಬರೂ ಮತ್ತೆ ಊರೂರು ಅಲೆದು ನೀರು ತಂದೆವು. ಬಾಟಲಿಗಳನ್ನು ಟ್ರಂಕಿನಲ್ಲಿಟ್ಟು, ಕೀಲಿ ಹಾಕಿ, ಕೀಲಿಯನ್ನು ಅವರು ಜನಿವಾರಕ್ಕೆ ಕಟ್ಟಿಕೊಂಡರು. ಯಾಕೆ ಎಂದು ನಾನು ಅವ್ವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವ್ವ ಎಲ್ಲದಕ್ಕೂ ಹೂಂ ಎಂದಳು.

ಬೆಳಗಾಗುವುದರೊಳಗೆ ಪಡಸಾಲೆಯಲ್ಲಿ ಮಾತು ಕೇಳಿ ಎದ್ದುಬಂದೆ. ಪ್ರೊಫೆಸರು ಹಾಸಿಗೆಯಲ್ಲಿ ಎದ್ದು ಕೂತು, ಜನಿವಾರವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಎದುರಿಗೆ ಅವ್ವ, ಒಂದು ಕೈಯಲ್ಲಿ ಬೂದಿ, ಇನ್ನೊಂದರಲ್ಲಿ ತುಂಬಿದ ಕೊಡ.

"ಲಗೂನ ಕೀಲಿ ಕೊಡ್ರಿ ಸಾಹೇಬ್ರ," ಎನ್ನುತ್ತಿದ್ದಳು. "ನಿನ್ನೀ ನೀರು ಹಂಗs ಒಯ್ದ್ರ ನನ್ನ ಮಗ ಪಾಸಾಗೂದು ಹೆಂಗ?"