ರುಮಾಲು ಸುತ್ತುವವನ ಫಜೀತಿಗಳು

ನಾನು ಮದುವೆಗಳಲ್ಲಿ ಫೇಟಾ ಕಟ್ಟುವವನು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಹಿರಿಯರ ತಲೆಗಳೆಲ್ಲ ನನ್ನ ಕೈಗೆ ಸಿಗುತ್ತವೆ; ಇಷ್ಟು ತಲೆ ಸಿಕ್ಕ ಮೇಲೆ ತಲೆಬಿಸಿ ತಪ್ಪೀತೇ? ಇದನ್ನೇ ನನ್ನಜ್ಜ ರುಮಾಲು ಅಂದ, ಅಪ್ಪ ಪಟಗಾ ಅಂದ, ನಾನು ಫೇಟಾ ಅಂತ ಬೋರ್ಡು ಬರೆಸಿದೆ. ಮದುವೆ ಸೀಸನ್ ಬಂತೆಂದರೆ ನನಗಂತೂ ಹುರುಪೋ ಹುರುಪು.

೧. ಎಮ್ಮೆ ಒಪ್ಪದ ಫೇಟಾ

ಸದಲಗಾದಲ್ಲಿ ಎಮ್ಮೆ ಸಾಕುವ ಒಬ್ಬ ರೈತನಿಗೆ ಗುಲಾಬಿ ಫೇಟಾ ಕಟ್ಟಿದ್ದೆ. ಮರುದಿನ ಬೆಳಿಗ್ಗೆ ಅವನ ಹೆಂಡತಿಯ ಫೋನು.

"ನಿಮ್ಮ ಫೇಟಾ ನೋಡಿ ಎಮ್ಮಿ ಬೆದರೇತ್ರಿ. ಹಾಲ ಕೊಡವಲ್ದು."

"ಇನ್ನೂ ಬಿಚ್ಚಿಲ್ಲೇನ್ರಿ?"

"ಬಿಚ್ಚಿದ್ರ ಮತ್ತ ಯಾರ ಕಟ್ಟತಾರಂತ ಗ್ವಾಡಿಗೆ ಒರಗಿ ಕುಂತ ನಿದ್ದಿ ಮಾಡ್ಯಾರ್ರಿ."

ಗಂಡನಿಗೆ ಫೋನು ಕೊಡಿಸಿ, ಬಿಚ್ಚಿ ಬಿಡ್ರಿ ಅಂದೆ. ಆತ ನಿಧಾನವಾಗಿ ಹೇಳಿದ: "ಎಮ್ಮಿ ಸಂಜೀಕ ಹಿಂಡಿದ್ರೂ ನಡೀತೈತ್ರಿ. ಬೀಗರು ಮಧ್ಯಾಹ್ನ ಬರೋರದಾರ."

೨. ಮೂಲ ಯಾವುದು?

ನಿಪ್ಪಾಣಿಯ ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರು ಮರಾಠಿ, ಗಂಡಿನ ಕಡೆಯವರು ಕನ್ನಡ. ಫೇಟಾ ನಮ್ಮದು ಅಂತ ಅವರು, ಪಟಗಾ ನಮ್ಮ ಹಿರಿಯರದು ಅಂತ ಇವರು. ವಾದ ಎರಡೂ ಭಾಷೆಯಲ್ಲಿ ಏರಿತು. "ನೀನ ಹೇಳಪಾ, ಇದರ ಮೂಲ ಯಾವ್ದು?" ಎಂದು ನನ್ನನ್ನೇ ಕೇಳಿದರು. ಬಟ್ಟೆಗೆ ಅಂಟಿಸಿದ್ದ ಚೀಟಿ ಓದಿ, "ಸೂರತ್ ರೀ" ಅಂದೆ. ಬೀಗರು ಒಂದಾಗಿ ನನ್ನನ್ನು ಬೈದರು.

೩. ಸೋದರಮಾವನ ಸಿಟ್ಟು

ಕಾಗವಾಡದಲ್ಲಿ ಅಕ್ಷತೆಗೆ ಹತ್ತೇ ನಿಮಿಷ ಉಳಿದಿತ್ತು. ಮದುಮಗನ ಬೆನ್ನಿಗೆ ಸೋದರಮಾವ ರುಮಾಲು ಸುತ್ತಿಕೊಂಡು ನಿಲ್ಲದೆ ಅಕ್ಷತೆ ಬೀಳುವುದಿಲ್ಲ. ಮಾವ ದ್ರಾಕ್ಷಿ ತೋಟದ ದೊಡ್ಡ ಕುಳ. ತೀರಿಹೋದ ತನ್ನ ತಂದೆಯ ಬಿಳಿ ರುಮಾಲನ್ನೇ ತಂದಿದ್ದ. ಸುತ್ತುತ್ತ ನನ್ನ ಬಾಯಿ ಸುಮ್ಮನಿರಲಿಲ್ಲ.

"ರುಮಾಲ ಅನ್ನೂದು ಫಾರ್ಸಿ ಮಾತರಿ. ರೂ ಅಂದ್ರ ಮುಖ; ಮಾರಿ ಒರಸೂ ಅರಿವಿ ಅಂತ ಅರ್ಥ."

ಮಾವ ಅರ್ಧ ಸುತ್ತಿದ್ದನ್ನು ಕಿತ್ತು ತೊಡೆಯ ಮೇಲೆ ಹಾಕಿಕೊಂಡ. "ನಮ್ಮಪ್ಪ ಮಾರಿ ಒರಸೂ ಅರಿವಿ ತಲಿಗೆ ಸುತ್ತಿದ್ನೇನ? ನಾ ನಿಲ್ಲೂದಿಲ್ಲ."

ಪುರೋಹಿತರು ಮೂರು ಸಲ ಕರೆದರು. ಮಾವ ಅಲುಗಲಿಲ್ಲ. ನನ್ನ ಪಾಂಡಿತ್ಯಕ್ಕೆ ಒಂದು ಮದುವೆಯೇ ನಿಲ್ಲುವಂತಾಗಿತ್ತು.

ಆಗ ಮದುಮಗನ ತಾಯಿ ಬಂದಳು. "ಅಣ್ಣಾ, ಅಪ್ಪ ಇದ್ದಿದ್ರ ಮುಂದ ನಿಂದರತಿದ್ದ. ಅಂವಾ ಇಲ್ಲ, ಅವನ ರುಮಾಲರೆ ನಿಂದರ್ಲಿ ಅಂತ ನಿನಗ ತರಾಕ ಹೇಳಿದ್ನಿ."

ಮಾವ ಗೊಳೋ ಎಂದು ಅತ್ತ. ಅಳುತ್ತಲೇ ತೊಡೆಯ ಮೇಲಿನ ರುಮಾಲಿನಿಂದ ಕಣ್ಣು, ಮೂಗು, ಮೀಸೆ ಎಲ್ಲ ಒರೆಸಿಕೊಂಡ. ಮಂಟಪಕ್ಕೆ ಮಂಟಪವೇ ನೋಡುತ್ತಿತ್ತು. ಮಾವನೂ ರುಮಾಲು ನೋಡಿದ, ನನ್ನ ಮುಖ ನೋಡಿದ, ಮೆಲ್ಲಗೆ ತಲೆ ಮುಂದೆ ಚಾಚಿದ.

"ಕಟ್ಟಪಾ. ಹಸಿ ಆದದ್ದ ಒಳಗ ಇರ್ಲಿ."