ಅಳಿಯಂದಿರ ಹಡಗೂ ಉತ್ತರದ ಮಂಜುಗಡ್ಡೆಯೂ

ಅಳಿಯ ಹಡಗಿನ ವಕೀಲ ಆಗಿಬಿಟ್ಟರೆ ಅತ್ತೆಗೆ ನೆಮ್ಮದಿಯಾಗಿ ಸಾರು ಕುದಿಸೋಕೂ ಆಗೋದಿಲ್ಲ. ಒಂದಲ್ಲ ಒಂದು ಆಗ್ತಾನೇ ಇರುತ್ತೆ. ಎಂಬತ್ತರ ದಶಕದಲ್ಲಿ ಅಮೆರಿಕದ ಫಾಸ್ಟರ್ ಸಿಟಿಯ ಮಗಳ ಮನೆಯಲ್ಲಿ ನನ್ನ ಒಂದು ಬೇಸಿಗೆ ಪೂರ್ತಿ ಹಾಗೇ ಕಳೀತು.

೧. ಕೇಳೋದು ಬೇರೆ, ತಿಳಿಸೋದು ಬೇರೆ

ಅಳಿಯಂದಿರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ವಕೀಲರ ಆಫೀಸಿನಲ್ಲಿ ಹೊಸ ಕೆಲಸ. ಮೊದಲ ಕೇಸೇ ಒಂದು ಹಡಗಿನದು. "ಈ ಬೇಸಿಗೆಯಲ್ಲಿ ಹಡಗು ದಾಟಿದರೆ ನೀನು ಪರ್ಮನೆಂಟು. ಇಲ್ಲದಿದ್ದರೆ ಬೇರೆ ಕಡೆ ನೋಡ್ಕೋ" ಅಂದಿದ್ದರಂತೆ ಅಲ್ಲಿಯ ದೊಡ್ಡ ವಕೀಲರು. ಪಾಪ, ಅವತ್ತಿನಿಂದ ಅಳಿಯಂದಿರು ಸಾರು ಹಾಕ್ಕೊಳ್ಳೋದನ್ನೇ ಮರೆತು ಬರೀ ಅನ್ನ ತಿಂತಿದ್ದರು.

"ಏನಪ್ಪಾ ಅಂಥ ಕೇಸು?" ಅಂದೆ.

"ಉತ್ತರ ಧ್ರುವದ ಹತ್ತಿರ ಸಮುದ್ರದಲ್ಲೊಂದು ಓಣಿ ಇದೆ ಅತ್ತೆ. ವರ್ಷವೆಲ್ಲಾ ಮಂಜುಗಡ್ಡೆ. ಬೇಸಿಗೆಯಲ್ಲಿ ಕರಗಿ ಕೆಲವೇ ವಾರ ದಾರಿ ಬಿಡುತ್ತೆ. ಪಕ್ಕದ ದೇಶದವರು, 'ಆ ಮಂಜಿನ ಮೇಲೆ ನಮ್ಮ ಜನ ನಡೆದಾಡ್ತಾರೆ, ಅದು ನಮ್ಮ ಅಂಗಳ, ಕೇಳಿಕೊಂಡು ಬನ್ನಿ' ಅಂತಾರೆ. ಹಡಗಿನವರು, 'ಕರಗಿದ ಮೇಲೆ ಅದು ಸಮುದ್ರ, ಎಲ್ಲರದೂ' ಅಂತಾರೆ."

"ಒಂದು ಮಾತು ಕೇಳಿದರೆ ನಿಮ್ಮ ಗಂಟೇನು ಹೋಗುತ್ತೆ?"

"ಕೇಳಿದರೆ ಅದು ಅವರದೇ ಅಂತ ಒಪ್ಪಿಕೊಂಡ ಹಾಗೆ! ಅದಕ್ಕೇ ನಾವು ಕೇಳೋದಿಲ್ಲ. 'ಬರ್ತಿದ್ದೀವಿ' ಅಂತ ತಿಳಿಸ್ತೀವಿ, ಅಷ್ಟೇ."

ಅಷ್ಟರಲ್ಲಿ ಮಗಳು ಕಾರಿನ ಕೀ ತೊಗೊಂಡು, "ಸರಟೋಗಾಕ್ಕೆ ಫ್ರೆಂಡ್ ಮನೆಗೆ ಹೋಗ್ತಿದ್ದೀನಿ" ಅಂದಳು.

"ಏ, ಕಾರು ನನಗೆ ಬೇಕಿತ್ತು ಕಣೇ! ಒಂದು ಮಾತು ಕೇಳಬಾರದಾ?" ಅಂದರು ಅಳಿಯಂದಿರು.

"ಕೇಳಿದರೆ ಕಾರು ನಿಮ್ಮದೇ ಅಂತ ಒಪ್ಪಿಕೊಂಡ ಹಾಗೆ ರೀ. ತಿಳಿಸಿದೆನಲ್ಲ" ಅಂತ ಹೊರಟೇಹೋದಳು.

೨. ಹಿತ್ತಿಲ ನೀರು

ನಮ್ಮ ಮನೆ ಹಿಂದೆಯೇ ಲಗೂನು, ಕೆರೆಯ ಹಾಗೆ ನಿಂತ ನೀರು. ಪಕ್ಕದ ಮನೆಯ ಅಮೆರಿಕನ್ ತಾತ ದಿನಾ ಸಂಜೆ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕ್ಕೊಂಡು ಹೋಗೋರು. ಮನೆ ಮುಂದೆ ಯಾರೇ ಹಾದು ಹೋಗಲಿ, "ಎಲ್ಲಿಗೆ ಹೊರಟ್ರಿ?" ಅನ್ನದಿದ್ದರೆ ನನ್ನ ಬಾಯಿ ಸುಮ್ಮನಿರೋದಿಲ್ಲ. ಕನ್ನಡದಲ್ಲೇ ಕೂಗಿದೆ. ಮೊಮ್ಮಗಳು ಅದನ್ನ ಇಂಗ್ಲಿಷಿಗೆ ತಿರುಗಿಸಿ ಕೂಗಿದಳು.

ತಾತ ದೋಣಿ ನಿಲ್ಲಿಸಿದರು. ಟೋಪಿ ತೆಗೆದು, "ಸೇತುವೆ ತನಕ. ಅರ್ಧ ಗಂಟೆಯಲ್ಲಿ ವಾಪಸ್ಸು" ಅಂತ ವರದಿ ಒಪ್ಪಿಸಿದರು. ಆಮೇಲೆ ದಿನಾ ಹಾಗೇ. ನಾನು ಕೇಳೋದು, ಅವರು ನಿಲ್ಲೋದು, ಹೇಳೋದು.

ಅಳಿಯಂದಿರು ಒಂದು ಸಂಜೆ ಇದನ್ನ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. "ಅತ್ತೆ, ನನ್ನ ಕೇಸೇ ಇದು! ಹೀಗೇ ವರ್ಷಗಟ್ಟಲೆ ನೀವು ಕೇಳ್ತಾ ಅವರು ಒಪ್ಪಿಸ್ತಾ ಹೋದರೆ, ನಾಳೆ ಆ ನೀರೇ ನಮ್ಮದು ಅಂತ ವಾದ ಹೂಡಬಹುದು. ನಾನು ಆಫೀಸಿನಲ್ಲಿ ಕೇಳಬೇಡಿ ಅಂತ ವಾದ ಮಾಡ್ತೀನಿ, ನೀವು ಇಲ್ಲಿ ಕೇಳಿ ಕೇಳಿ ಲಗೂನು ಹೊಡ್ಕೋತಿದ್ದೀರಿ!"

ಅವರ ಕೆಲಸಕ್ಕೆ ಯಾಕೆ ತೊಂದರೆ ಅಂತ ನಾನು ಬಾಯಿ ಮುಚ್ಚಿಕೊಂಡೆ. ಮೂರು ಸಂಜೆ ದೋಣಿ ಬಂದಾಗ ಮುಖ ತಿರುಗಿಸಿ ಮೆಂತ್ಯದ ಸೊಪ್ಪು ಬಿಡಿಸಿದೆ. ನಾಲ್ಕನೇ ದಿನ ಮುಂಬಾಗಿಲ ಬೆಲ್ಲು. ನೋಡಿದರೆ ತಾತ, ಟೋಪಿ ಎದೆಗೊತ್ತಿಕೊಂಡು ನಿಂತಿದ್ದಾರೆ.

"ಅಜ್ಜಿ ಮೂರು ದಿನದಿಂದ ಏನೂ ಕೇಳ್ತಿಲ್ಲ," ಅಂದರು. "ಲಗೂನು ಮುಚ್ಚಿದೆಯಾ?"

೩. ಕ್ಯಾಪ್ಟನ್ ಬಂದರು

ಬೇಸಿಗೆ ಮುಗೀತಾ ಬಂತು. ಹಡಗಿನವರು ತಿಳಿಸಿ ಪತ್ರ ಹಾಕಿದ್ದಕ್ಕೆ ಆ ದೇಶದವರು, "ನೀವು ಕೇಳದಿದ್ದರೂ ಅನುಮತಿ ಕೊಟ್ಟಿದ್ದೇವೆ" ಅಂತ ಉತ್ತರ ಬರೆದರು. ಇವರು ಕೇಳಲಿಲ್ಲ, ಅವರು ಕೊಟ್ಟರು. ಇಬ್ಬರ ಮಾನವೂ ಉಳೀತು. ಇನ್ನು ಉಳಿದದ್ದು ಮಂಜುಗಡ್ಡೆ ಒಂದೇ. ಆ ದೇಶದ ಒಬ್ಬ ಮುದಿ ಕ್ಯಾಪ್ಟನ್ ಆಫೀಸಿಗೆ ಬಂದು, ನಕ್ಷೆ ನೋಡಿ, ದಾರಿ ತೆರೆದಿದೆ ಅಂತ ಫಾರಂ ತುಂಬಬೇಕು. ಆ ವಾರ ತಪ್ಪಿದರೆ ನೀರು ಮತ್ತೆ ಹೆಪ್ಪುಗಟ್ಟುತ್ತೆ. ಹಡಗು ಮುಂದಿನ ವರ್ಷಕ್ಕೆ, ನಮ್ಮ ಅಳಿಯಂದಿರು ಮನೆಗೆ.

ಕ್ಯಾಪ್ಟನ್ ಬರೋ ಹಿಂದಿನ ದಿನ ಒಳ್ಳೇ ಬಿಸಿಲು. ಅಕ್ಕಿ ಸಂಡಿಗೆ ಹಿಟ್ಟು ಕಾಯಿಸಿದೆ. ಇಡೋಕೆ ಪ್ಲಾಸ್ಟಿಕ್ ಹುಡುಕಿದರೆ ಗ್ಯಾರೇಜಿನಲ್ಲಿ ಸುರುಳಿ ಸುತ್ತಿದ್ದ ದಪ್ಪನೆಯ ಹಾಳೆ ಸಿಕ್ತು. ಗಾಜಿನ ಹಾಗೆ ತಿಳಿ, ಅಲ್ಲಲ್ಲಿ ಮಗು ಗೀಚಿದ ಹಾಗೆ ನಾಲ್ಕು ನೀಲಿ ಗೆರೆ. ಹಿತ್ತಿಲಲ್ಲಿ ಹಾಸಿ, ಗಾಳಿಗೆ ಹಾರದ ಹಾಗೆ ಮೂಲೆಗೊಂದು ಹುಳಿಪುಡಿ ಡಬ್ಬಿ ಇಟ್ಟು, ಸಂಡಿಗೆ ಹಾಕಿದೆ. ಸಂಜೆ ಬಿಡಿಸಿಕೊಂಡು, ಸುರುಳಿ ಸುತ್ತಿ, ಇದ್ದಲ್ಲೇ ಇಟ್ಟೆ. ನನಗೇನು ಗೊತ್ತು, ಅದು ಎಲ್ಲೆಲ್ಲಿ ಮಂಜಿದೆ ಅಂತ ತೋರಿಸೋಕೆ ನಕ್ಷೆಯ ಮೇಲೆ ಹೊದಿಸೋ ಆಫೀಸಿನ ಹಾಳೆ ಅಂತ!

ಬೆಳಿಗ್ಗೆ ಅಳಿಯಂದಿರು ಸುರುಳಿ ಬಿಚ್ಚದೆ ಬಗಲಲ್ಲಿಟ್ಟುಕೊಂಡು ಓಡಿದರು. ಮುಂದಿನದು ಅವರ ಬಾಯಿಂದಲೇ ಕೇಳಿದ್ದು.

ಮೇಜಿನ ಮೇಲೆ ನಕ್ಷೆ, ಅದರ ಮೇಲೆ ಹಾಳೆ ಹೊದಿಸಿದರಂತೆ. ಓಣಿಯ ಉದ್ದಕ್ಕೂ ದುಂಡು ದುಂಡು ಬಿಳೀ ಮಚ್ಚೆ, ಸಾಲು ಸಾಲು. ಹಡಗಿನ ಮಾಲೀಕರು, "ಅಯ್ಯೋ, ಇಷ್ಟೊಂದು ಮಂಜಾ!" ಅಂತ ಕೂತುಬಿಟ್ಟರು. ದೊಡ್ಡ ವಕೀಲರು ಅಳಿಯಂದಿರನ್ನ ನೋಡಿದರು. ಅಳಿಯಂದಿರು ಬಾಗಿಲು ನೋಡಿದರು.

ಕ್ಯಾಪ್ಟನ್ ಮಾತ್ರ ಕನ್ನಡಕ ಹಾಕ್ಕೊಂಡು ಬಗ್ಗಿದರು. ಒಂದು ಮಚ್ಚೆಯನ್ನ ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡರು. ಹೊಸ ಮಂಜು ಉಪ್ಪುಪ್ಪು, ಹಳೇದು ಸಪ್ಪೆಯಂತೆ. ಅವರು ಜೀವಮಾನವೆಲ್ಲಾ ನೆಕ್ಕಿಯೇ ವಯಸ್ಸು ಹೇಳಿದವರು.

"ಉಪ್ಪಿದೆ. ಹೊಸದು," ಅಂದರು. ಆಮೇಲೆ, "ಜೀರಿಗೆಯೂ ಇದೆ," ಅಂದರು. ಆಮೇಲೆ ಕೆಮ್ಮಿ, ಕಣ್ಣೊರೆಸಿಕೊಂಡು ನೀರು ಕೇಳಿದರು.

"ನಮ್ಮತ್ತೆ..." ಅಂತ ಅಳಿಯಂದಿರು ಬಾಯಿ ಬಿಟ್ಟರು. ಎಲ್ಲಾ ಹೇಳಿದ ಮೇಲೆ ದೊಡ್ಡ ವಕೀಲರೇ ಒದ್ದೆ ಕರ್ಚೀಫಿನಿಂದ ಧ್ರುವ ಒರೆಸಿದರಂತೆ. ದಾರಿ ತಿಳಿಯಾಗಿತ್ತು. ಕ್ಯಾಪ್ಟನ್ ಸಹಿ ಹಾಕಿದರು, ಆ ವಾರವೇ ಹಡಗು ದಾಟಿತು, ಅಳಿಯಂದಿರು ಪರ್ಮನೆಂಟ್ ಆದರು.

ತಿಂಗಳಾದ ಮೇಲೆ ಕ್ಯಾಪ್ಟನ್ನಿಂದ ನನಗೊಂದು ಲಕೋಟೆ ಬಂತು. ಒಳಗೆ ಅದೇ ಸರ್ಕಾರಿ ಫಾರಂ, ನೀಟಾಗಿ ತುಂಬಿದ್ದು. ಅಳಿಯಂದಿರು ಓದಿದರು:

"ಮಂಜಿನ ಬಗೆ: ಅಕ್ಕಿ. ವಯಸ್ಸು: ಒಂದು ದಿನ. ಹಡಗಿಗೆ ಅಡ್ಡಿ: ಇಲ್ಲ. ನಾವಿಕರಿಗೆ ಎಚ್ಚರಿಕೆ: ಖಾರ ಜಾಸ್ತಿ."