ಮಾವನ ಜೀಪಿನ ಹೊಟ್ಟೆಯ ತಗಡು

ಎಲ್ಲ ಶುರುವಾದದ್ದು ‘ಢಣ್’ ಎಂಬ ಒಂದು ಸದ್ದಿನಿಂದ. ಭಾನುವಾರ ಬೆಳಿಗ್ಗೆ ಊರಾಚೆಯ ಕಲ್ಲುದಾರಿಯಲ್ಲಿ, ಗ್ರಂಥಾಲಯದ ಗುಮಾಸ್ತ ತನ್ನ ಮಾವನ ಜೀಪನ್ನು ಒಂದು ಬಂಡೆಯ ಮೇಲೆ ಹತ್ತಿಸಿ ಇಳಿಸಿದಾಗ ಬಂದ ಸದ್ದು ಅದು. ಬಂಡೆ ಹತ್ತಿಸುವ ಅಗತ್ಯವೇನೂ ಇರಲಿಲ್ಲ, ಪಕ್ಕದಲ್ಲೇ ಒಳ್ಳೆಯ ದಾರಿ ಇತ್ತು. ಆದರೆ ವಾರವೆಲ್ಲ ಪುಸ್ತಕಗಳಿಗೆ ಮುದ್ರೆ ಒತ್ತುವ ಮನುಷ್ಯನ ಕೈಗೆ ಅಂಥ ಗಾಡಿ ಸಿಕ್ಕಿದರೆ ಬುದ್ಧಿ ನೆಟ್ಟಗಿರುವುದು ಕಷ್ಟ.

ಜೀಪು ಎಂಟು ದಿನದ ಮಟ್ಟಿಗೆ ಅವನ ವಶದಲ್ಲಿತ್ತು. ಮಾವ ಅವನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹಿರಿ ಮಗಳ ಮನೆಗೆ ಹೋಗುವಾಗ ಕೀಲಿಕೈ ಕೊಟ್ಟಿದ್ದರು. ತಮಗಿನ್ನು ಓಡಿಸಲು ಕಣ್ಣು ಸಾಲದು, ಇಬ್ಬರು ಅಳಿಯಂದಿರಲ್ಲಿ ಒಬ್ಬರಿಗೆ ಕೊಟ್ಟುಬಿಡಬೇಕು, ವಾಪಸು ಬಂದ ದಿನ ತೀರ್ಮಾನ ಹೇಳುತ್ತೇನೆ ಎಂದಿದ್ದರು. ಇನ್ನೊಬ್ಬ ಅಳಿಯ ಎಂದರೆ ಗುಮಾಸ್ತನ ಷಡ್ಡಕ. ಅವನ ಮನೆಯ ಮುಂದೆ ಆಗಲೇ ಎರಡು ಕಾರು ನಿಂತಿದ್ದವು. ಗುಮಾಸ್ತನಿಗಿದ್ದದ್ದು ಒಂದು ಹಳೇ ಸೈಕಲ್ಲು. ಈ ಜೀಪು ತನಗೇ ಬರಬೇಕೆಂದು ಅವನು ಎಂಟು ದಿನದಿಂದ ನಿದ್ದೆಗೆಟ್ಟು ಆಸೆಪಟ್ಟಿದ್ದ. ಮಾವ ಬರುವುದು ಇವತ್ತೇ, ನಾಲ್ಕು ಗಂಟೆಯ ಬಸ್ಸಿಗೆ.

ಮನೆಗೆ ಬಂದವನೇ ಚಾಪೆ ಹಾಸಿಕೊಂಡು ಜೀಪಿನಡಿ ತೂರಿದ. ಎಂಜಿನ್ನಿಗೆ ಕಲ್ಲು ತಾಗದಿರಲೆಂದು ಗಾಡಿಯ ಹೊಟ್ಟೆಯ ಕೆಳಗೆ ದಪ್ಪನೆಯ ಉಕ್ಕಿನ ತಗಡು ಬಿಗಿದಿರುತ್ತಾರೆ. ಗ್ಯಾರೇಜಿನವರು ಅದಕ್ಕೆ ಸ್ಕಿಡ್ ಪ್ಲೇಟು ಎನ್ನುತ್ತಾರೆ. ಅದರ ನಟ್ಟನಡುವೆ ಒಂದು ಬಟ್ಟಲು ಕೂರುವಷ್ಟು ತಗ್ಗು ಬಿದ್ದಿತ್ತು. ಗ್ಯಾರೇಜುಗಳಿಗೆಲ್ಲ ಭಾನುವಾರದ ರಜೆ. ತಗಡು ಬಿಚ್ಚಿ, ಬಡಿದು ನೇರ ಮಾಡಿ, ಮತ್ತೆ ಹಾಕಿಬಿಡುವುದೇ ಸರಿ ಎಂದುಕೊಂಡ. ಇರುವುದು ಆರೇ ಬೋಲ್ಟು, ಅರ್ಧ ಗಂಟೆಯ ಕೆಲಸ.

ಐದು ಬೋಲ್ಟು ಬಿಚ್ಚುವುದಕ್ಕೇ ಎರಡು ತಾಸು ಹಿಡಿಯಿತು. ಆರನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಷ್ಟು ಹೊತ್ತಿಗೆ ಪಕ್ಕದ ಮನೆಯ ಡ್ರಿಲ್ ಮಾಸ್ತರು ಬಂದು ನಿಂತಿದ್ದರು. ಶಾಲೆಯಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕೊರಳಿನ ಸೀಟಿ ಇನ್ನೂ ನಿವೃತ್ತಿಯಾಗಿರಲಿಲ್ಲ. ಅವರು ವಿಷಯ ತಿಳಿದುಕೊಂಡು, ಸ್ಪ್ಯಾನರಿಗೆ ಒಂದು ಉದ್ದನೆಯ ಪೈಪು ತೂರಿಸಿ, ತಾವು ಸೀಟಿ ಊದಿದಾಗ ಎಳೆಯಬೇಕೆಂದು ಅಪ್ಪಣೆ ಮಾಡಿದರು. ಸೀಟಿ ಊದಿದರು, ಗುಮಾಸ್ತ ಎಳೆದ. ಬೋಲ್ಟು ಬಿಟ್ಟಿತು, ಅದರ ಹಿಂದೆಯೇ ಇಪ್ಪತ್ತು ಕಿಲೋ ತಗಡು ಸೀದಾ ಅವನ ಎದೆಯ ಮೇಲೆ ಬಂದು ಕೂತಿತು. ಮಾಸ್ತರು ಅವನ ಎರಡೂ ಕಾಲು ಹಿಡಿದು ತಗಡಿನ ಸಮೇತ ಹೊರಗೆಳೆದರು.

ತಗ್ಗನ್ನು ಬೆರಳಲ್ಲಿ ಕೆರೆದು ನೋಡಿ ಮಾಸ್ತರು ಹುಬ್ಬೇರಿಸಿದರು. ಇವತ್ತಿನ ಏಟಿಗೆ ಇವತ್ತೇ ಇಷ್ಟು ತುಕ್ಕು ಹೇಗೆ ಹಿಡಿಯಿತು ಎಂದು ಕೇಳಿದರು. ಬಂಡೆ ಒದ್ದೆಯಾಗಿತ್ತು ಎಂದು ಗುಮಾಸ್ತ ಗೊಣಗಿದ. ಅವನಿಗೆ ಮಾತಾಡುವ ಪುರುಸೊತ್ತೂ ಇರಲಿಲ್ಲ, ಪೂರ್ತಿ ಉಸಿರೂ ಬಂದಿರಲಿಲ್ಲ.

ಮಾಸ್ತರು ತಗಡನ್ನು ಚರಂಡಿಯ ಕಲ್ಲಿನ ಮೇಲೆ ಬೋರಲು ಹಾಕಿ ದೊಡ್ಡ ಸುತ್ತಿಗೆಯಿಂದ ಬಡಿಯತೊಡಗಿದರು. ಬೀದಿಯ ಕಿಟಕಿಗಳೆಲ್ಲ ತೆರೆದವು. ಎದುರು ಮನೆಯ ಟೈಲರಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡಿ ಬಂದು, ಗುಟ್ಟಾಗಿ ಮಾಡುವ ಕೆಲಸವಾದರೆ ಸ್ವಲ್ಪ ಮೆಲ್ಲಗೆ ಬಡಿಯಬಾರದೇ ಎಂದಳು. ಗುಟ್ಟೆಂದು ಅವಳಿಗೆ ಯಾರು ಹೇಳಿದರೋ, ಆ ಹೊತ್ತಿಗೆ ಬೀದಿಯ ಆಚೆ ತುದಿಗೂ ಗೊತ್ತಾಗಿತ್ತು.

ಹನ್ನೆರಡೂವರೆಗೆ ತಗಡು ಹಲಗೆಯ ಹಾಗೆ ನೇರವಾಯಿತು. ಮಾಸ್ತರು ತಮ್ಮ ಗೇಟಿಗೆಂದು ಇಟ್ಟಿದ್ದ ಕಪ್ಪು ಬಣ್ಣ ಬಳಿದರು. ಆಗಲೇ ಹೆಂಡತಿಯ ಫೋನು ಬಂತು. ಮುಂಚಿನ ಬಸ್ಸೇ ಸಿಕ್ಕಿದೆ, ಎರಡು ಗಂಟೆಗೆ ಮನೆಯಲ್ಲಿರುತ್ತೇವೆ ಎಂದಳು. ಗುಮಾಸ್ತ ಸಂತೋಷ ಎಂದ. ಅವನ ಜೀವಮಾನದಲ್ಲಿ ಅಷ್ಟು ದುಃಖದಿಂದ ಆ ಮಾತನ್ನು ಅವನು ಆಡಿರಲಿಲ್ಲ.

ಬಣ್ಣ ಆರುವ ಮೊದಲೇ ತಗಡನ್ನು ಕೆಳಗೆ ತೂರಿಸಿ, ಜಾಕಿನಿಂದ ಎತ್ತಿ, ಮೊದಲ ಬೋಲ್ಟನ್ನು ಹಲ್ಲು ಕಚ್ಚಿ ಬಿಗಿದ. ಎರಡನೆಯ ತೂತು ಅರ್ಧ ಬೆರಳು ಆಚೆಗಿತ್ತು. ಅದನ್ನು ಎಳೆದು ಕೂರಿಸಿದರೆ ಮೂರನೆಯದು ಈಚೆಗೆ ಬಂತು. ಮಾಸ್ತರು ಎರಡು ಸಲ ಸೀಟಿ ಊದಿದರು, ತೂತುಗಳು ಮಾತ್ರ ಸಾಲಿಗೆ ಬರಲಿಲ್ಲ. ಅಳುವುದೊಂದು ಬಾಕಿ ಇದ್ದ ಗುಮಾಸ್ತನನ್ನು ನೋಡಲಾರದೆ ಟೈಲರಮ್ಮ ಬಗ್ಗಿ ಇಣುಕಿದಳು.

“ಒಂದನ್ನೇ ಯಾಕಪ್ಪಾ ಹಂಗೆ ಬಿಗೀತೀಯ? ಬಟ್ಟೆಗೂ ಮೊದಲು ಕಚ್ಚಾ ಹೊಲಿಗೆ ಹಾಕ್ತೀವಿ, ಆಮೇಲೆ ಗಟ್ಟಿ ಹೊಲಿಗೆ. ಆರನ್ನೂ ಸಡಿಲವಾಗಿ ಸಿಗಿಸು. ಆಮೇಲೆ ಒಂದಾದ ಮೇಲೊಂದು ಬಿಗಿ.”

“ಅಕ್ಕಾ, ನೀವು ಬೆಳಿಗ್ಗೆನೇ ಬರಬಾರದಿತ್ತಾ?”

“ಬೆಳಿಗ್ಗೆ ನನ್ನ ಯಾರು ಕೇಳಿದ್ರು?”

ಬಿಗಿದದ್ದನ್ನು ಸಡಿಲಿಸಿ ಅವಳು ಹೇಳಿದಂತೆಯೇ ಮಾಡಿದ. ಆರೂ ಬೋಲ್ಟು ತೆಪ್ಪಗೆ ಕೂತವು. ಕೈ ತೊಳೆದು ಅಂಗಿ ಬದಲಿಸಿಕೊಳ್ಳುವುದಕ್ಕೂ ಮಾವ ಮಗಳೊಂದಿಗೆ ಬಂದು ಗೇಟು ತೆಗೆಯುವುದಕ್ಕೂ ಸರಿಹೋಯಿತು.

ಮಾವ ಅಳಿಯನ ಯೋಗಕ್ಷೇಮ ಕೇಳುವ ಮೊದಲು ಜೀಪಿನ ಹತ್ತಿರ ಹೋದರು. ಬಾಗಿಲು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಮುಂದಿನ ಚಕ್ರದ ಪಕ್ಕ ಕೂತು ಕೈಯನ್ನು ಗಾಡಿಯಡಿಗೆ ಚಾಚಿ ತಗಡನ್ನು ಸವರಿದರು. ಈ ತುದಿಯಿಂದ ಆ ತುದಿಗೆ ಮತ್ತೊಮ್ಮೆ ಸವರಿದರು. ಗುಮಾಸ್ತ ಒಳಗೊಳಗೇ ಬೀಗಿದ, ಒಂದು ಗೀರೂ ಸಿಗುವ ಹಾಗಿರಲಿಲ್ಲ. ಮಾವ ಎದ್ದು ನಿಂತು ತಮ್ಮ ಕಪ್ಪು ಬೆರಳುಗಳನ್ನು ನೋಡಿಕೊಂಡರು.

“ಅಳಿಯಂದ್ರೇ, ಇಲ್ಲಿದ್ದ ತಗ್ಗೆಲ್ಲಿ?”

ಗುಮಾಸ್ತ ಮಾಸ್ತರಿಗೆ ಬೇಡವೆಂದು ಕಣ್ಸನ್ನೆ ಮಾಡಿದ. ಮಾಸ್ತರಿಗೆ ಮಾತ್ರ ತಡೆಯಲಾಗಲಿಲ್ಲ. ಮುಂದೆ ಬಂದು, ಇದು ತಮ್ಮದೇ ಕೈಕೆಲಸವೆಂದು ಸುತ್ತಿಗೆಯಿಂದ ಹಿಡಿದು ಬಣ್ಣದವರೆಗೆ ಎಲ್ಲವನ್ನೂ ವಿವರಿಸಿದರು. ಬಂಡೆಯ ವಿಷಯವನ್ನೂ ಬಿಡಲಿಲ್ಲ.

“ಬಂಡೆಗೆ ಹೊಡೆದದ್ದಕ್ಕೆ ಬೇಜಾರಿಲ್ಲ,” ಎಂದರು ಮಾವ. “ಆ ತಗಡು ಇರೋದೇ ಏಟು ತಿನ್ನೋದಕ್ಕೆ. ಆದರೆ ಆ ತಗ್ಗು ಇವತ್ತಿಂದಲ್ಲ. ಈ ನನ್ನ ಮಗಳು ಹುಟ್ಟಿದ ದಿನದ್ದು. ಸೇತುವೆ ಮುಳುಗಿತ್ತು. ಹೆರಿಗೆ ಆಸ್ಪತ್ರೆಗೆ ಅಂತ ನಿಮ್ಮತ್ತೇನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಗಾಡೀನ ಹೊಳೆಗೇ ಇಳಿಸಿದೆ. ನಡುಹೊಳೇಲಿ ಬಂಡೆ ಬಡೀತು. ಆ ತಗಡು ತಡ್ಕೊಳ್ದೇ ಇದ್ದಿದ್ರೆ ಎಂಜಿನ್ನು ಅಲ್ಲೇ ನಿಲ್ತಿತ್ತು. ಇವತ್ತು ಇವಳೂ ಇರ್ತಿರಲಿಲ್ಲ.”

ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. “ಅಪ್ಪ ಇದನ್ನ ಎಷ್ಟು ಸಲ ಹೇಳಿದಾರೆ. ನೀವು ಪ್ರತಿ ಸಲವೂ ಹೂಂ ಹೂಂ ಅಂತಿದ್ರಿ.”

ಅಂದದ್ದು ನಿಜ. ಮಾವ ಬಾಯಿ ತೆರೆದರೆ ಹೂಂಗುಟ್ಟುತ್ತ ಬೇರೇನೋ ಯೋಚಿಸುವುದು ಅವನಿಗೆ ಮದುವೆಯಾದಂದಿನಿಂದ ರೂಢಿಯಾಗಿತ್ತು. ಗುಮಾಸ್ತನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಮುದುಕರು ಬಂದವರೇ ತಗಡನ್ನು ಯಾಕೆ ಸವರಿದರೆಂದು ಅವನಿಗೀಗ ಅರ್ಥವಾಯಿತು.

“ಜೀಪು ನಿಮಗೇ ಅಂತ ಬಸ್ಸಲ್ಲಿ ಇವಳಿಗೆ ಹೇಳ್ಕೊಂಡೇ ಬಂದೆ,” ಎಂದರು ಮಾವ. “ಇವಳ ತಗ್ಗು ಇವಳ ಮನೇಲೇ ಇರಲಿ ಅಂತ. ಈಗ ಆ ತಗ್ಗೇ ಇಲ್ಲ. ಇನ್ನು ನ್ಯಾಯವಾಗಿ ಹಿರಿ ಅಳಿಯನಿಗೇ ಹೋಗಬೇಕು.”

ಗುಮಾಸ್ತ ಅಂಗಿ ಕಳಚಿ ಮತ್ತೆ ಚಾಪೆ ಹಾಸಿದ. ಆರೂ ಬೋಲ್ಟು ಬಿಚ್ಚಿದ. ತಗಡನ್ನು ಮತ್ತೆ ಚರಂಡಿ ಕಲ್ಲಿಗೆ ಹೊತ್ತು ತಂದು, ಮಾಸ್ತರ ಕೈಯಲ್ಲಿ ಈ ಸಲ ನಡುಮಧ್ಯೆ ತಗ್ಗು ಬೀಳುವಂತೆ ಬಡಿಸಿದ. ಆಳ ಸರಿಯಿದೆಯೇ ಎಂದು ಟೈಲರಮ್ಮ ಟೇಪು ಹಿಡಿದು ನೋಡಿದಳು. ಮಾವ ಅದರೊಳಗೆ ಅಂಗೈ ಇಟ್ಟು ಸುತ್ತ ಸವರಿದರು. ಚೆನ್ನಾಗಿಯೇ ಮಾಡಿದ್ದೀರಿ, ಆದರೆ ಇದು ಮಾಸ್ತರು ಹೊಡೆದ ತಗ್ಗು ಎಂದು ಹೇಳಿ ಕೀಲಿಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಆಮೇಲೆ ಕುರ್ಚಿ ತರಿಸಿ ಕೂತು, ಮಾಸ್ತರಿಗೂ ಟೈಲರಮ್ಮನಿಗೂ ಹೊಳೆ ದಾಟಿದ ಕತೆಯನ್ನು ಮೊದಲಿನಿಂದ ಹೇಳತೊಡಗಿದರು. ಷಡ್ಡಕನಿಗೆ ಹೋಗುವ ಜೀಪಿನಡಿ ಅಂಗಾತ ಮಲಗಿ ಆರೂ ಬೋಲ್ಟು ಕಚ್ಚಾ ಸಿಗಿಸುತ್ತಿದ್ದ ಗುಮಾಸ್ತ ಅದನ್ನು ಮೊಟ್ಟಮೊದಲ ಸಲ ಒಂದಕ್ಷರ ಬಿಡದೆ ಕೇಳಿಸಿಕೊಂಡ. ಹೂಂ ಎನ್ನಲು ಮಾತ್ರ ಧೈರ್ಯ ಸಾಲಲಿಲ್ಲ.